ಗರಗಸ, ನೆರಳು, ಕಾಲ: ವಾದ್ಯದ ಮರ ಹದವಾಗುವ ಬಗೆ

ಬೇಲೂರಿನ ಚೆನ್ನಕೇಶವ ದೇವಾಲಯವು ಹೊಯ್ಸಳ ದೊರೆ ವಿಷ್ಣುವರ್ಧನನ ಆಳ್ವಿಕೆಯಲ್ಲಿ, 1117ರಲ್ಲಿ ಪ್ರತಿಷ್ಠೆಗೊಂಡಿತು. ಅದರ ಬೆನ್ನಿಗೇ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಕೆಲಸ ಆರಂಭವಾಯಿತು. ಅರಸೀಕೆರೆಯ ಈಶ್ವರ ದೇವಾಲಯವು ಸುಮಾರು ನೂರು ವರ್ಷಗಳ ನಂತರ, 1220ರ ಹೊತ್ತಿಗೆ ರೂಪುಗೊಂಡಿತು. ಬೇಲೂರು ಮತ್ತು ಹಳೇಬೀಡಿನ ಗೋಡೆಗಳಲ್ಲಿ ಮದ್ದಳೆ ನುಡಿಸುವವರು, ಕೊಳಲೂದುವವರು, ತಾಳ ಹಿಡಿದವರು, ತಂತಿವಾದ್ಯ ಹಿಡಿದವರು ಸಾಲುಸಾಲಾಗಿ ನಿಂತಿದ್ದಾರೆ. ಇವೆರಡೂ ದೇವಾಲಯಗಳು ಸೋಮನಾಥಪುರದ ಕೇಶವ ದೇವಾಲಯದೊಂದಿಗೆ 2023ರಲ್ಲಿ ಯುನೆಸ್ಕೊದ ವಿಶ್ವ ಪಾರಂಪರಿಕ ಪಟ್ಟಿಗೆ ಸೇರಿದವು. ಕಲ್ಲಿನ ವಾದ್ಯಗಳು ಒಂಬತ್ತು ಶತಮಾನ ಉಳಿದುಬಂದರೂ, ಅವುಗಳಿಗೆ ಮಾದರಿಯಾಗಿದ್ದ ಮರದ ವಾದ್ಯಗಳು ಉಳಿಯಲಿಲ್ಲ. ಮರವು ಕಡಿದ ಮೇಲೂ ಗಾಳಿಯೊಡನೆ ನೀರಿನ ಕೊಡುಕೊಳ್ಳುವಿಕೆಯನ್ನು ನಿಲ್ಲಿಸುವುದಿಲ್ಲವಾದ್ದರಿಂದ ಬಿರಿಯುತ್ತದೆ, ಸೊಟ್ಟಗಾಗುತ್ತದೆ, ಹುಳು ಮತ್ತು ಬೂಸಲಿಗೆ ಈಡಾಗುತ್ತದೆ. ಈ ಕೊಡುಕೊಳ್ಳುವಿಕೆಯನ್ನು ಹತೋಟಿಗೆ ತರುವ ವಿದ್ಯೆಯೇ ಮರವನ್ನು ಕೊಯ್ದು ಹದಗೊಳಿಸುವ ವಿದ್ಯೆ. ವಾದ್ಯದ ಗುಣವನ್ನು ಕುರಿತ ಮಾತುಗಳಲ್ಲಿ ನುಡಿಸುವವರ ಕೈಗೂ ಕೆತ್ತುವವರ ಉಳಿಗೂ ಸಲ್ಲುವ ಗೌರವ ಈ ವಿದ್ಯೆಗೆ ಸಂದಿಲ್ಲ. ಆದರೂ ದಿಮ್ಮಿಯ ಮೇಲೆ ಗರಗಸ ಮೊದಲು ಹಾಯುವ ದಿಕ್ಕು ಮತ್ತು ಹಲಗೆ ನೆರಳಿನಲ್ಲಿ ಕಳೆಯುವ ಮೊದಲ ಕೆಲವು ತಿಂಗಳು, ಇವೆರಡೇ ಆ ಮರದಿಂದ ಮುಂದೆ ಹೊರಡಬಹುದಾದ ನಾದದ ಎಲ್ಲೆಯನ್ನು ಬಹುಮಟ್ಟಿಗೆ ಗೊತ್ತುಮಾಡಿಬಿಡುತ್ತವೆ.

ಮೃದುವಾಗಿದ್ದಾಗ ಕೆತ್ತುವ ತಿಳಿವಳಿಕೆ

ಹೊಯ್ಸಳ ಶಿಲ್ಪಿಗಳು ಆರಿಸಿಕೊಂಡ ಬಳಪದ ಕಲ್ಲಿಗೂ ಹಸಿ ಮರಕ್ಕೂ ಗುಣದಲ್ಲಿ ಒಂದು ಹೋಲಿಕೆಯಿದೆ. ಗಣಿಯಿಂದ ಹೊರಬಂದ ಹೊಸತರಲ್ಲಿ ಉಳಿಗೆ ಸುಲಭವಾಗಿ ಬಗ್ಗುವ ಈ ಕಲ್ಲು ಗಾಳಿಗೆ ಒಡ್ಡಿಕೊಂಡಂತೆಲ್ಲ ಗಡಸಾಗುತ್ತದೆ. ಬಳ್ಳಿಗಾವಿಯಿಂದ ಬಂದ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರನ್ನೂ ಕೊರೆದಿಟ್ಟುಹೋದ ಬೇಲೂರಿನ ಶಿಲ್ಪಗಳಲ್ಲಿ ಕಾಣುವ ಸೂಕ್ಷ್ಮತೆಗೆ ಈ ಗುಣ ಆಧಾರವಾಯಿತು. ಹಸಿ ಮರವೂ ಕೊಯ್ಯುವುದಕ್ಕೆ, ತೋಡುವುದಕ್ಕೆ ಮೃದುವಾಗಿದ್ದು ಒಣಗಿದಂತೆ ಗಟ್ಟಿಯಾಗುತ್ತದೆ. ಆದರೆ ಕಲ್ಲು ಗಟ್ಟಿಯಾಗುವಾಗ ತನ್ನ ಆಕಾರವನ್ನು ಬದಲಿಸುವುದಿಲ್ಲ, ಮರ ಬದಲಿಸುತ್ತದೆ. ಮರದ ವಾದ್ಯ ಮಾಡುವವರು ಎದುರಿಸುವ ಮುಖ್ಯ ಸಮಸ್ಯೆ ಇದು.

ಹಾಸನ ಜಿಲ್ಲೆಯ ಭೂಗುಣವು ಈ ಸಮಸ್ಯೆಯನ್ನು ಅರಿಯಲು ಬೇಕಾದ ಎರಡು ವಾತಾವರಣಗಳನ್ನೂ ಒಂದರ ಪಕ್ಕದಲ್ಲಿ ಒಂದನ್ನು ಇರಿಸಿದೆ. ಬೇಲೂರು ತಾಲ್ಲೂಕಿನ ಅರೇಹಳ್ಳಿ, ಬಿಕ್ಕೋಡು ಭಾಗಗಳು ಮಲೆನಾಡಿಗೆ ಸೇರಿದ ಕಾಫಿ ಸೀಮೆ. ಅಲ್ಲಿನ ತೋಟಗಳ ನೆರಳಿಗೆ ಹಲಸು, ಬೀಟೆ, ಸಿಲ್ವರ್ ಓಕ್ ಮರಗಳು ನಿಂತಿವೆ. ಬೇಲೂರಿನಿಂದ ಸುಮಾರು 16 ಕಿ.ಮೀ. ದೂರದ ಹಳೇಬೀಡನ್ನು ದಾಟಿ ಜಾವಗಲ್ ಮಾರ್ಗವಾಗಿ ಅರಸೀಕೆರೆಯತ್ತ ಸಾಗಿದಂತೆ ಮಳೆ ಇಳಿಯುತ್ತದೆ, ತೆಂಗಿನ ತೋಟ ಮತ್ತು ರಾಗಿ ಹೊಲಗಳ ಬಯಲುಸೀಮೆ ಆರಂಭವಾಗುತ್ತದೆ. ಒಂದು ತುದಿಯಲ್ಲಿ ಮರ ಬೆಳೆಯುವ ತೇವದ ನಾಡು, ಇನ್ನೊಂದು ತುದಿಯಲ್ಲಿ ಮರ ಒಣಗುವ ಗಾಳಿಯ ನಾಡು. ನಡುವಿನ ದೂರ ಲಾರಿಗೆ ಅರ್ಧ ದಿನದ ದಾರಿಯೂ ಅಲ್ಲ.

ಚಿತ್ತಾರದ ಮೂಲ

ಹಲಗೆಯ ಮೈಮೇಲೆ ಕಾಣುವ ಅಲೆ, ಪಟ್ಟೆ, ಮಿಂಚು, ಚುಕ್ಕೆಗಳನ್ನು ಒಟ್ಟಾಗಿ ಚಿತ್ತಾರವೆಂದು ಕರೆಯಬಹುದು. ಅದು ಮರಕ್ಕೆ ಬಳಿದ ಬಣ್ಣದಿಂದ ಬಂದದ್ದಲ್ಲ, ಒಳಗಿನ ಎಳೆಗಳ ಜೋಡಣೆಯಿಂದ ಬಂದದ್ದು. ಮರದ ಬಹುಪಾಲು ಕೋಶಗಳು ಕಾಂಡದ ಉದ್ದಕ್ಕೆ ನೀಳವಾಗಿ ಹರಡಿರುತ್ತವೆ. ಕುಶಲಕರ್ಮಿಗಳು ಎಳೆ ಅಥವಾ ನಾರು ಎನ್ನುವುದು ಇವನ್ನೇ. ಎಳೆಗಳು ನೇರವಾಗಿ ಸಾಗಿದರೆ ಹಲಗೆ ಸಾದಾ ಆಗಿ ಕಾಣುತ್ತದೆ. ಕೆಲವು ಮರಗಳಲ್ಲಿ ಎಳೆಗಳು ಕೆಲವು ವರ್ಷ ಬಲಕ್ಕೂ ಮತ್ತೆ ಕೆಲವು ವರ್ಷ ಎಡಕ್ಕೂ ಓರೆಯಾಗಿ ಬೆಳೆಯುತ್ತವೆ. ಅಂಥ ಹೆಣೆದ ಎಳೆಯ ದಿಮ್ಮಿಯನ್ನು ಸರಿಯಾದ ದಿಕ್ಕಿನಲ್ಲಿ ಕೊಯ್ದರೆ ಬೆಳಕನ್ನು ಬೇರೆಬೇರೆ ಕೋನದಲ್ಲಿ ಚದುರಿಸುವ ಉದ್ದ ಪಟ್ಟೆಗಳು ತೋರುತ್ತವೆ, ಬೀಟೆಯಲ್ಲಿ ಆಗಾಗ ಕಾಣುವುದು ಇದೇ ಬಗೆ. ಎಳೆಗಳು ಉದ್ದಕ್ಕೂ ಸಣ್ಣಗೆ ಅಲೆಯಾಗಿ ಬಳುಕಿದರೆ ಹಲಗೆಯ ಅಡ್ಡಕ್ಕೆ ಮಿನುಗುವ ಗೆರೆಗಳು ಮೂಡುತ್ತವೆ. ಯುರೋಪಿನ ಪಿಟೀಲುಗಳ ಬೆನ್ನಿಗೆ ಬಳಸುವ ಮೇಪಲ್ ಮರ ಹೆಸರಾಗಿರುವುದು ಈ ಅಲೆಗಾಗಿ.

ಮೂರನೆಯ ಬಗೆಯ ಚಿತ್ತಾರಕ್ಕೆ ಕಿರಣಗಳು ಕಾರಣ. ಕಾಂಡದ ನಡುವಿನ ತಿರುಳಿನ ಕಡೆಯಿಂದ ತೊಗಟೆಯ ಕಡೆಗೆ ಅಡ್ಡಲಾಗಿ ಸಾಗುವ, ಆಹಾರವನ್ನು ಸಾಗಿಸಿ ಕೂಡಿಡುವ ಕೋಶಗಳ ಪಟ್ಟಿಗಳಿಗೆ ಸಸ್ಯವಿಜ್ಞಾನದಲ್ಲಿ ಕಿರಣಗಳೆಂಬ ಹೆಸರಿದೆ. ಹೆಚ್ಚಿನ ಮರಗಳಲ್ಲಿ ಇವು ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ಆಸ್ಟ್ರೇಲಿಯಾದ ಪೂರ್ವ ಕರಾವಳಿಯಿಂದ ಬಂದು ಕರ್ನಾಟಕದ ಕಾಫಿ ತೋಟಗಳಲ್ಲಿ ನೆರಳಿಗೂ ಕಾಳುಮೆಣಸಿನ ಬಳ್ಳಿಯ ಆಸರೆಗೂ ನೆಲೆನಿಂತ ಸಿಲ್ವರ್ ಓಕ್‌ನಲ್ಲಿ ಇವು ತೀರ ಅಗಲವಾಗಿವೆ. ಈ ಮರವನ್ನು ಕಿರಣಗಳ ಉದ್ದಕ್ಕೆ ಕೊಯ್ದಾಗ ಕೆಂಗಂದು ಮೈಯಲ್ಲಿ ಹೊಳೆಯುವ ತುಣುಕುಗಳು ಕಸೂತಿಯಷ್ಟು ದಟ್ಟವಾಗಿ ಹರಡಿಕೊಳ್ಳುತ್ತವೆ, ಹೊರದೇಶಗಳ ಗಿಟಾರ್ ತಯಾರಕರು ಇದನ್ನು ಬೆನ್ನು ಮತ್ತು ಪಕ್ಕೆಯ ಹಲಗೆಗಳಿಗೆ ಬಳಸುವುದುಂಟು. ಅದೇ ದಿಮ್ಮಿಯನ್ನು ಬೇರೆ ದಿಕ್ಕಿನಲ್ಲಿ ಕೊಯ್ದರೆ ಉಳಿಯುವುದು ಸಣ್ಣ ಕಡ್ಡಿಗೆರೆಗಳಷ್ಟೆ. ಪ್ಲೈವುಡ್ಡಿಗೂ ಪ್ಯಾಕಿಂಗ್ ಪೆಟ್ಟಿಗೆಗಳಿಗೂ ಹೋಗುವ ಸಿಲ್ವರ್ ಓಕ್ ದಿಮ್ಮಿಗಳಲ್ಲಿ ಈ ಚಿತ್ತಾರವು ಯಾರ ಕಣ್ಣಿಗೂ ಬೀಳದೆ ಕಳೆದುಹೋಗುತ್ತದೆ.

ಗರಗಸ ಹಾಯುವ ದಿಕ್ಕು

ದಿಮ್ಮಿಯ ಕೊರೆದ ತುದಿಯನ್ನು ವೃತ್ತವೆಂದು ಭಾವಿಸಿದರೆ ಎರಡು ಮುಖ್ಯ ಕೊಯ್ತಗಳು ಸ್ಪಷ್ಟವಾಗುತ್ತವೆ. ನಡುವಿನ ತಿರುಳಿನಿಂದ ತೊಗಟೆಗೆ ಹೋಗುವ ಗೆರೆಯಲ್ಲೇ ಹಲಗೆಯ ಅಗಲ ಬರುವಂತೆ ಕೊಯ್ದರೆ ಅದು ತ್ರಿಜ್ಯ ಕೊಯ್ತ. ಬೆಳವಣಿಗೆಯ ಉಂಗುರಗಳಿಗೆ ತಾಗಿದಂತೆ, ತಿರುಳನ್ನು ಬಿಟ್ಟು ಪಕ್ಕದಿಂದ ಸೀಳಿದರೆ ಅದು ಸ್ಪರ್ಶ ಕೊಯ್ತ. ದಿಮ್ಮಿಯನ್ನು ಗರಗಸದ ಮೇಜಿಗೇರಿಸಿ ಒಂದೇ ಸಮನೆ ಹಲಗೆಗಳನ್ನು ಸೀಳುತ್ತ ಹೋಗುವ ಸಾಮಿಲ್ಲಿನ ರೂಢಿಯಲ್ಲಿ ನಡುವಿನ ಒಂದೆರಡು ಹಲಗೆಗಳು ಮಾತ್ರ ತ್ರಿಜ್ಯ ಕೊಯ್ತಕ್ಕೆ ಹತ್ತಿರವಾಗಿದ್ದು, ಉಳಿದವೆಲ್ಲ ಸ್ಪರ್ಶ ಕೊಯ್ತದವು. ಈ ರೂಢಿಯಲ್ಲಿ ಮರ ಹಾಳಾಗುವುದು ಕಡಿಮೆ, ಕೆಲಸವೂ ಬೇಗ. ತ್ರಿಜ್ಯ ಕೊಯ್ತಕ್ಕೆ ದಿಮ್ಮಿಯನ್ನು ಮೊದಲು ತಿರುಳಿನ ಮೂಲಕ ನಾಲ್ಕು ಸೀಳಾಗಿಸಿ, ಪ್ರತಿ ಸೀಳನ್ನೂ ಮತ್ತೆಮತ್ತೆ ಹೊರಳಿಸಿ ಕೊಯ್ಯಬೇಕಾಗುತ್ತದೆ. ಹಲಗೆಯ ಅಗಲ ಕಿರಿದಾಗುತ್ತದೆ, ಚೂರು ಹೆಚ್ಚು ಉಳಿಯುತ್ತದೆ, ಕೂಲಿಯೂ ಹೆಚ್ಚುತ್ತದೆ.

ಆ ಹೆಚ್ಚಿನ ವೆಚ್ಚವನ್ನು ವಾದ್ಯದ ಮರಕ್ಕೆ ಒಪ್ಪಿಕೊಳ್ಳಲು ಬಲವಾದ ಕಾರಣವಿದೆ. ಒಣಗುವಾಗ ಮರವು ಎಲ್ಲ ದಿಕ್ಕಿಗೂ ಒಂದೇ ಸಮನೆ ಕುಗ್ಗುವುದಿಲ್ಲ. ಎಳೆಯ ಉದ್ದಕ್ಕೆ ಅದರ ಕುಗ್ಗುವಿಕೆ ಗಣನೆಗೆ ಬಾರದಷ್ಟು ಕಡಿಮೆ, ತ್ರಿಜ್ಯದ ದಿಕ್ಕಿನಲ್ಲಿ ಮಧ್ಯಮ, ಉಂಗುರದ ದಿಕ್ಕಿನಲ್ಲಿ ತ್ರಿಜ್ಯದ ಸುಮಾರು ಎರಡರಷ್ಟು. ಬೀಟೆಯು ಹಸಿಯಿಂದ ಪೂರ್ತಿ ಒಣಗುವ ತನಕ ತ್ರಿಜ್ಯದ ದಿಕ್ಕಿನಲ್ಲಿ ಸುಮಾರು ಶೇ 2.7ರಷ್ಟು, ಉಂಗುರದ ದಿಕ್ಕಿನಲ್ಲಿ ಹತ್ತಿರಹತ್ತಿರ ಶೇ 6ರಷ್ಟು ಕುಗ್ಗುತ್ತದೆ. ಎಂದರೆ 20 ಸೆಂಟಿಮೀಟರ್ ಅಗಲದ ಹಲಗೆಯು ಮೊದಲ ಬಗೆಯಲ್ಲಿ 5 ಮಿಲಿಮೀಟರ್‌ಗಿಂತ ತುಸು ಹೆಚ್ಚು, ಎರಡನೆಯ ಬಗೆಯಲ್ಲಿ 11 ಮಿಲಿಮೀಟರ್‌ಗೂ ಹೆಚ್ಚು ಅಗಲವನ್ನು ಕಳೆದುಕೊಳ್ಳುತ್ತದೆ. ಸ್ಪರ್ಶ ಕೊಯ್ತದ ಹಲಗೆ ಬಟ್ಟಲಾಗುವುದು, ತಿರುಳನ್ನು ಒಳಗಿಟ್ಟುಕೊಂಡ ಇಡೀ ದಿಮ್ಮಿ ನಡುವಿನಿಂದ ಹೊರಗೆ ಬಿರಿಯುವುದು, ಎರಡೂ ಈ ಅಸಮತೆಯ ಫಲಗಳೇ. 3 ಮಿಲಿಮೀಟರ್‌ಗೂ ಕಡಿಮೆ ದಪ್ಪಕ್ಕೆ ಹೆರೆದ ಗಿಟಾರಿನ ಬೆನ್ನಿನಲ್ಲಾಗಲಿ, ವೀಣೆಯ ಕೊಡದ ಬಾಯಿ ಮುಚ್ಚುವ ಹಲಗೆಯಲ್ಲಾಗಲಿ ಇಂಥ ಚಲನೆಗೆ ಎಡೆಯಿಲ್ಲ.

ಚಿತ್ತಾರದ ಮರದಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕು. ಅಲೆಯಾಗಿ ಬಳುಕುವ ಎಳೆಯನ್ನು ನೇರವಾಗಿ ಕೊಯ್ದಾಗ ಹಲಗೆಯ ಮೈಯಲ್ಲೇ ಎಳೆಗಳ ತುಂಡಾದ ತುದಿಗಳು ಅಲ್ಲಲ್ಲಿ ತೆರೆದುಕೊಳ್ಳುತ್ತವೆ. ತುದಿಯಿಂದ ನೀರು ಬೇಗ ಹೊರಡುವುದರಿಂದ ಮೈಯ ಒಂದು ಭಾಗ ಇನ್ನೊಂದಕ್ಕಿಂತ ಮೊದಲು ಒಣಗಿ ಸೂಕ್ಷ್ಮ ಬಿರುಕುಗಳೇಳುತ್ತವೆ, ಮುಂದೆ ಉಜ್ಜುಗೊರಡು ಹಿಡಿದಾಗ ಎಳೆ ಕಿತ್ತುಬರುತ್ತದೆ. ನಾದದ ದೃಷ್ಟಿಯಿಂದಲೂ ಅಲೆಯ ಎಳೆಗೆ ಒಂದು ಬೆಲೆ ತೆರಬೇಕಾಗುತ್ತದೆ: ಧ್ವನಿಯು ಎಳೆಯ ಉದ್ದಕ್ಕೆ ಅಡ್ಡಕ್ಕಿಂತ ಹಲವು ಪಟ್ಟು ವೇಗವಾಗಿ ಹರಿಯುತ್ತದೆ, ಎಳೆ ಬಳುಕಿದಷ್ಟೂ ಆ ದಿಕ್ಕಿನ ಬಿಗುಪು ತಗ್ಗುತ್ತದೆ. ಆದ್ದರಿಂದ ತಂತಿಯ ಎಳೆತವನ್ನು ಹೊರುವ ವೀಣೆಯ ದಂಡಿಗೂ ಗಿಟಾರಿನ ಕತ್ತಿಗೂ ನೇರ ಎಳೆಯ ಮರವೇ ಯೋಗ್ಯ. ಚಿತ್ತಾರಕ್ಕೆ ತಕ್ಕ ಸ್ಥಾನ ಬೆನ್ನು, ಪಕ್ಕೆ ಮತ್ತು ಹೊದಿಕೆಯ ಭಾಗಗಳು. ಒಂದೇ ಹಲಗೆಯನ್ನು ದಪ್ಪದಲ್ಲಿ ಎರಡಾಗಿ ಸೀಳಿ, ತೆರೆದ ಪುಸ್ತಕದ ಎರಡು ಪುಟಗಳ ಹಾಗೆ ಅಕ್ಕಪಕ್ಕ ಕೂಡಿಸಿದಾಗ ಎಡಬಲಗಳಲ್ಲಿ ಒಂದೇ ಚಿತ್ತಾರ ಎದುರುಬದುರಾಗಿ ಮೂಡುತ್ತದೆ. ಈ ಕೆಲಸಕ್ಕೆ ತೆಳು ಅಲಗಿನ ಬ್ಯಾಂಡ್ ಗರಗಸ ಬೇಕು. ದಪ್ಪ ಹಲ್ಲಿನ ವೃತ್ತ ಗರಗಸವು ಒಂದು ಕೊಯ್ತಕ್ಕೆ ತಿನ್ನುವ ಪುಡಿಯೇ ಒಂದು ವಾದ್ಯದ ಬೆನ್ನಿನ ದಪ್ಪವನ್ನು ಮೀರಬಲ್ಲದು.

ನೀರು ಹೊರಡುವ ಎರಡು ಹಂತ

ಹಸಿ ಮರದಲ್ಲಿ ನೀರು ಎರಡು ರೂಪದಲ್ಲಿದೆ. ಕೋಶಗಳ ಪೊಳ್ಳಿನಲ್ಲಿ ತುಂಬಿರುವ ನೀರು ಬಿಡಿ ನೀರು. ಕೋಶಗಳ ಗೋಡೆಯೊಳಗೆ ಹುದುಗಿರುವುದು ಬಂಧಿತ ನೀರು. ಮರದ ತೇವಾಂಶವನ್ನು ಪೂರ್ತಿ ಒಣಗಿದ ಮರದ ತೂಕಕ್ಕೆ ಹೋಲಿಸಿ ಶೇಕಡಾವಾರು ಹೇಳುವುದು ಪದ್ಧತಿ. 150 ಗ್ರಾಂ ತೂಗುವ ತುಂಡೊಂದು 103 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿ 120 ಗ್ರಾಂಗೆ ಬಂದರೆ, ಹೋದ 30 ಗ್ರಾಂ ನೀರನ್ನು 120ಕ್ಕೆ ಭಾಗಿಸಿ ಅದರ ತೇವಾಂಶ ಶೇ 25 ಎನ್ನಬೇಕು. ಒಣಗುವ ಮೊದಲ ಹಂತದಲ್ಲಿ ಬಿಡಿ ನೀರು ಹೊರಡುತ್ತದೆ. ಮರ ಹಗುರಾಗುತ್ತದೆ, ಕುಗ್ಗುವುದಿಲ್ಲ. ತೇವಾಂಶ ಶೇ 28ರಿಂದ 30ರ ಸುಮಾರಿಗೆ ಇಳಿದಾಗ ಪೊಳ್ಳುಗಳು ಬರಿದಾಗಿ ಗೋಡೆಗಳು ಮಾತ್ರ ತೇವವಾಗಿರುತ್ತವೆ. ಕುಗ್ಗುವುದು, ಗಟ್ಟಿಯಾಗುವುದು, ಬಿರಿಯುವುದು ಎಲ್ಲವೂ ಆರಂಭವಾಗುವುದು ಈ ಗಡಿಯನ್ನು ದಾಟಿದ ಮೇಲೆ.

ಅಪಾಯ ಹುಟ್ಟುವುದು ಹಲಗೆಯ ಹೊರಮೈ ಈ ಗಡಿಯನ್ನು ದಾಟಿಯೂ ಒಳಭಾಗ ದಾಟದೆ ಉಳಿದಾಗ. ಹೊರಗಿನ ಪದರ ಕುಗ್ಗಲು ಹೊರಟರೆ ಒಳಗಿನ ಹಸಿ ಮರ ಅದನ್ನು ತಡೆಯುತ್ತದೆ, ಹೊರಮೈ ಸೀಳುತ್ತದೆ. ಸೀಳದೆ ಹಿಗ್ಗಿದ ಸ್ಥಿತಿಯಲ್ಲೇ ಗಡಸಾಗಿ ನಿಂತರೆ, ತಡವಾಗಿ ಒಳಭಾಗ ಕುಗ್ಗುವಾಗ ಬಿರುಕು ಒಳಗೇ ಬೀಳುತ್ತದೆ. ಹೊರಗಿನಿಂದ ನೋಡಿದವರಿಗೆ ಅಂಥ ಹಲಗೆ ನಿರ್ದೋಷವಾಗಿ ಕಾಣುತ್ತದೆ, ಉಳಿ ಹಾಕಿದಾಗಲೇ ಅದರ ದೋಷ ಹೊರಬೀಳುವುದು. ಆದ್ದರಿಂದಲೇ ದಿಮ್ಮಿ ಕಡಿದೊಡನೆ ಅದರ ತುದಿಗಳಿಗೆ ಮೇಣ, ಬಣ್ಣ ಅಥವಾ ಸಗಣಿ ಬೆರೆಸಿದ ಮಣ್ಣನ್ನು ಮೆತ್ತುವುದು, ಹಲಗೆಗಳ ನಡುವೆ ಒಂದೇ ದಪ್ಪದ ಅಡ್ಡಪಟ್ಟಿಗಳನ್ನು ಒಂದರ ಮೇಲೊಂದು ನೇರ ಸಾಲಿನಲ್ಲಿ ಬರುವಂತೆ ಇಟ್ಟು ಪೇರಿಸುವುದು, ನೆಲದಿಂದ ಎತ್ತರದಲ್ಲಿ ಬಿಸಿಲು ಮಳೆ ತಾಗದ ಕಡೆ ಗಾಳಿಗೆ ಬಿಡುವುದು, ಮೇಲಿನ ಹಲಗೆಗಳು ಏಳದಂತೆ ಭಾರ ಹೇರುವುದು ಇವೆಲ್ಲ ರೂಢಿಗೆ ಬಂದಿವೆ. ಚೇಗಿನ ಹೊರಗಿನ ಬಿಳಿಯ ಮರದಲ್ಲಿ ಪಿಷ್ಟ ಉಳಿದಿರುವುದರಿಂದ ಕುಟ್ಟೆ ಹಿಡಿಯುವುದು ಅಲ್ಲಿಂದಲೇ. ವಾದ್ಯಕ್ಕೆ ಆರಿಸುವವರು ಅದನ್ನು ತೆಗೆದುಬಿಡುವುದು ಕ್ಷೇಮ.

ಒಂದು ಅಂಗುಲ ದಪ್ಪದ ಹಲಗೆಗೆ ಒಂದು ವರ್ಷವೆಂಬ ಲೆಕ್ಕ ಹಲವು ದೇಶಗಳ ಬಡಗಿಗಳಲ್ಲಿದೆ. ಇದು ಒರಟು ಲೆಕ್ಕ. ನೀರು ಒಳಗಿನಿಂದ ಹೊರಕ್ಕೆ ಸಾಗಬೇಕಾದ ದಾರಿ ಉದ್ದವಾದಂತೆ ಕಾಲವು ದಪ್ಪಕ್ಕಿಂತ ವೇಗವಾಗಿ ಬೆಳೆಯುತ್ತದೆ, ಎರಡು ಅಂಗುಲಕ್ಕೆ ಎರಡು ವರ್ಷ ಸಾಲದೆ ಹೋಗಬಹುದು. ಕೊನೆಗೆ ಮರ ತಲುಪುವುದು ಸುತ್ತಣ ಗಾಳಿಯೊಡನೆ ಸಮತೋಲವಾಗುವ ತೇವಾಂಶವನ್ನು: ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 80 ಇದ್ದಲ್ಲಿ ಮರದ ತೇವಾಂಶ ಶೇ 16ರ ಸುಮಾರಿಗೂ, 65 ಇದ್ದಲ್ಲಿ 12ರ ಸುಮಾರಿಗೂ, 50 ಇದ್ದಲ್ಲಿ 9ರ ಸುಮಾರಿಗೂ ನಿಲ್ಲುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಎಷ್ಟು ವರ್ಷ ಇಟ್ಟರೂ ಮರ ವಾದ್ಯಕ್ಕೆ ಬೇಕಾದ ಮಟ್ಟಕ್ಕೆ ಇಳಿಯದಿರುವುದಕ್ಕೂ, ಮಂಗಳೂರಿನ ಕಡಲ ಗಾಳಿಯಲ್ಲಿ ಕೂಡಿಸಿದ ವಾದ್ಯವು ಬಯಲುಸೀಮೆಯ ಬೇಸಿಗೆಯಲ್ಲಿ ಬಿರುಕು ಬಿಡುವುದಕ್ಕೂ ಕಾರಣ ಈ ಸಮತೋಲವೇ. ಒಳಗಿನ ತೇವ ತಗ್ಗಿದಂತೆ ಮರವು ಕಂಪನವನ್ನು ನುಂಗಿಕೊಳ್ಳುವ ಪ್ರಮಾಣವೂ ತಗ್ಗುತ್ತದೆ. ಹದವಾದ ಹಲಗೆಯನ್ನು ಬೆರಳಿನಿಂದ ತಟ್ಟಿದಾಗ ದನಿ ಹೆಚ್ಚು ಹೊತ್ತು ನಿಲ್ಲುವುದನ್ನು ಕುಶಲಕರ್ಮಿಗಳು ಪರೀಕ್ಷೆಯಾಗಿ ಬಳಸುವುದರ ಹಿಂದೆ ಈ ನಿಯಮವಿದೆ.

ಹಲಸಿನ ವೀಣೆ, ಕಮರದ ನಾಗಸ್ವರ

ಕರ್ನಾಟಕದ ವಾದ್ಯಗಳಿಗೆ ಹಲಸು ಆಧಾರದ ಮರ. ಹೊಯ್ಸಳ ಶಿಲ್ಪಗಳಲ್ಲಿ ಕಾಣುವ ವೀಣೆಗಳು ಉದ್ದ ದಂಡಕ್ಕೆ ಬುರುಡೆ ಕಟ್ಟಿದ ಬಗೆಯವು. 24 ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿದ ಇಂದಿನ ವೀಣೆಯು 17ನೇ ಶತಮಾನದಲ್ಲಿ ತಂಜಾವೂರಿನ ರಘುನಾಥ ನಾಯಕನ ಆಸ್ಥಾನದಲ್ಲಿ ರೂಪ ತಳೆಯಿತೆಂಬ ಪರಂಪರೆಯಿದೆ. ವೀಣೆ ಶೇಷಣ್ಣ (1852–1926) ಮೊದಲಾದವರ ಮೂಲಕ ಮೈಸೂರು ಆಸ್ಥಾನವು ಈ ವಾದ್ಯಕ್ಕೆ ದೊಡ್ಡ ನೆಲೆಯಾಯಿತು. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರವು ವೀಣೆ ತಯಾರಿಕೆಗೆ ಹೆಸರಾದ ಹಳ್ಳಿ. ಕೊಡ, ದಂಡಿ, ಯಾಳಿಯ ಮುಖ ಮೂರೂ ಒಂದೇ ದಿಮ್ಮಿಯಿಂದ ಬಂದರೆ ಅದು ಏಕಾಂಡ ವೀಣೆ. ಬೇರೆಬೇರೆ ತುಂಡುಗಳನ್ನು ಕೂಡಿಸಿದ ವೀಣೆಗಳೂ ಇವೆ.

ಏಕಾಂಡ ವೀಣೆಗೆ ಬೇಕಾದಷ್ಟು ದಪ್ಪದ ದಿಮ್ಮಿಯನ್ನು ಇಡಿಯಾಗಿ ಒಣಗಿಸಲು ಹೊರಟರೆ ಮೇಲೆ ಹೇಳಿದ ಅಸಮ ಕುಗ್ಗುವಿಕೆಯಿಂದ ಅದು ಬಿರಿಯುವುದು ಬಹುತೇಕ ಖಚಿತ. ದಿಮ್ಮಿಯನ್ನು ತಿರುಳಿನ ಮೂಲಕ ಎರಡಾಗಿ ಸೀಳಿ, ತಿರುಳು ಕೊಡದ ಗೋಡೆಯಲ್ಲಿ ಉಳಿಯದಂತೆ ನೋಡಿಕೊಂಡು, ಹಸಿಯಿರುವಾಗಲೇ ಒಳಗನ್ನು ಒರಟಾಗಿ ತೋಡಿ, ಬೇಕಾದ್ದಕ್ಕಿಂತ ದಪ್ಪನೆಯ ಗೋಡೆ ಉಳಿಸಿ ನೆರಳಿಗಿಡುವುದು ಇದಕ್ಕೆ ಪರಿಹಾರ. ಗೋಡೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ದಪ್ಪವಿದ್ದರೆ ನೀರು ಸಮವಾಗಿ ಹೊರಡುತ್ತದೆ, ಉಂಟಾದ ಸಣ್ಣ ಸೊಟ್ಟನ್ನು ಕೊನೆಯ ಕೆತ್ತನೆಯಲ್ಲಿ ತಿದ್ದಲು ಮರ ಉಳಿದಿರುತ್ತದೆ. ಮೃದಂಗದ ಒಡಲಿಗೂ ಯಕ್ಷಗಾನದ ಚೆಂಡೆಗೂ ಇದೇ ನ್ಯಾಯ ಸಲ್ಲುತ್ತದೆ.

ಕಾಲವೇ ಹದಗೊಳಿಸಿದ ಮರವನ್ನು ಹುಡುಕಿ ಬಳಸುವ ಇನ್ನೊಂದು ದಾರಿಯೂ ಉಂಟು. ತಮಿಳುನಾಡಿನ ನರಸಿಂಗಂಪೇಟೆಯ ನಾಗಸ್ವರ ತಯಾರಕರು ಆಚಾ ಎಂಬ ಮರವನ್ನು, ಅದರಲ್ಲೂ ಹಳೆಯ ಮನೆಗಳನ್ನು ಕೆಡವಿದಾಗ ದೊರೆಯುವ ತೊಲೆಗಳನ್ನು ಆರಿಸುತ್ತಾರೆ. ಕನ್ನಡದಲ್ಲಿ ಕಮರವೆನ್ನುವ ಈ ಮರವು ಅರಸೀಕೆರೆಗೆ ಪೂರ್ವದ ತುಮಕೂರು ಸೀಮೆಯ ಬುಕ್ಕಾಪಟ್ಟಣದಂಥ ಒಣಕಾಡುಗಳಲ್ಲಿ ಬೆಳೆಯುತ್ತದೆ. ಹತ್ತಾರು ಬೇಸಿಗೆ, ಹತ್ತಾರು ಮಳೆಗಾಲಗಳನ್ನು ಸೂರಿನಡಿ ಕಳೆದ ತೊಲೆಯಲ್ಲಿ ಬಿರಿಯಬೇಕಾದದ್ದು ಆಗಲೇ ಬಿರಿದಿರುತ್ತದೆ, ಉಳಿದದ್ದು ನಂಬಿಕೆಗೆ ಅರ್ಹ. ಮಲೆನಾಡಿನ ಹಳೆಯ ತೊಟ್ಟಿಮನೆಗಳನ್ನು ಕೆಡಹುವಾಗ ಹೊರಬರುವ ಹಲಸು ಮತ್ತು ಬೀಟೆಯ ತೊಲೆಗಳನ್ನು ಸೌದೆಯ ದರಕ್ಕೆ ಬಿಡುವ ಮುನ್ನ ಈ ಮಾತು ನೆನಪಿನಲ್ಲಿರಬೇಕು.

ಬೀಟೆಯ ಮಿತಿ, ಎರಡು ಸೀಮೆಗಳ ಅವಕಾಶ

ಜಗತ್ತಿನ ವಾದ್ಯ ಮಾರುಕಟ್ಟೆಯಲ್ಲಿ ಪಶ್ಚಿಮ ಘಟ್ಟದ ಬೀಟೆಗೆ ಎತ್ತರದ ಸ್ಥಾನವಿದೆ. ಅಮೆರಿಕದ ಮಾರ್ಟಿನ್ ಗಿಟಾರ್ ಸಂಸ್ಥೆಯು 1969ರಲ್ಲಿ ಬ್ರೆಜಿಲಿನ ಬೀಟೆಯಿಂದ ಭಾರತದ ಬೀಟೆಗೆ ಹೊರಳಿತು. ಬೇಡಿಕೆಯ ಹೊರೆಯಿಂದ ಈ ಜಾತಿಯ ಮರಗಳು ಜಗತ್ತಿನೆಲ್ಲೆಡೆ ಕುಗ್ಗಿದ್ದರಿಂದ 2017ರ ಜನವರಿಯಿಂದ ಬ್ರೆಜಿಲಿನ ಬೀಟೆಯೊಂದನ್ನು ಬಿಟ್ಟು ಬೀಟೆಯ ಕುಲವಿಡೀ ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಎರಡನೆಯ ಅನುಬಂಧಕ್ಕೆ ಸೇರಿತು. ಸಿದ್ಧ ವಾದ್ಯಗಳಿಗೆ 2019ರ ನವೆಂಬರಿನಲ್ಲಿ ವಿನಾಯಿತಿ ದೊರೆಯಿತು. ಕರ್ನಾಟಕದಲ್ಲಿ ಖಾಸಗಿ ಜಮೀನಿನ ಬೀಟೆಯನ್ನು ಕಡಿಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ಈ ಕಟ್ಟುಪಾಡುಗಳು ನ್ಯಾಯವಾದವು. ನಿಧಾನವಾಗಿ ಚೇಗು ಕಟ್ಟುವ ಮರವನ್ನು ಅವಸರದ ವ್ಯಾಪಾರಕ್ಕೆ ಒಪ್ಪಿಸಲಾಗದು. ಅನುಮತಿ ಪಡೆದು ಉರುಳಿದ ಒಂದೊಂದು ಬೀಟೆಯೂ ತಪ್ಪು ಕೊಯ್ತಕ್ಕೆ ಬಲಿಯಾಗದಂತೆ ನೋಡಿಕೊಳ್ಳುವ ಹೊಣೆ ಇದರಿಂದ ಇನ್ನಷ್ಟು ಹೆಚ್ಚುತ್ತದೆ.

ಸಿಲ್ವರ್ ಓಕ್‌ಗೆ ಇಂಥ ಕಟ್ಟುಪಾಡಿನ ಬಿಗಿಯಿಲ್ಲ, ಅದು ಬೇಗ ಬೆಳೆಯುತ್ತದೆ, ಬೇಲೂರು ಸೀಮೆಯ ತೋಟಗಳಲ್ಲಿ ಧಾರಾಳವಾಗಿದೆ. ಅದು ತೂಕದಲ್ಲೂ ಗಡಸುತನದಲ್ಲೂ ಬೀಟೆಗಿಂತ ಬಹಳ ಕಡಿಮೆಯದು, ನಾದದಲ್ಲಿ ಅದರ ಬದಲಿಯಾಗಲಾರದು. ತನ್ನದೇ ಗುಣದ, ತನ್ನದೇ ಚಿತ್ತಾರದ ಮರವಾಗಿ ಬೆನ್ನು ಮತ್ತು ಪಕ್ಕೆಗಳಿಗೆ ಒದಗಬಲ್ಲದು. ಅದರ ಪುಡಿ ಮತ್ತು ರಸ ಕೆಲವರ ಚರ್ಮಕ್ಕೆ ಉರಿ ತರುವುದರಿಂದ ಕೊಯ್ಯುವವರು ಮೈ, ಮೂಗುಗಳನ್ನು ಮುಚ್ಚಿಕೊಳ್ಳಬೇಕು.

ಎರಡು ವಾತಾವರಣಗಳ ಲಾಭವನ್ನು ಇಲ್ಲಿ ಕ್ರಮವಾಗಿ ಬಳಸಿಕೊಳ್ಳಬಹುದು. ಮಳೆ ಮುಗಿದ ಮೇಲೆ ಕಡಿದು, ತಡಮಾಡದೆ ತ್ರಿಜ್ಯ ಕೊಯ್ತದಲ್ಲಿ ಹಲಗೆ ಮಾಡಿ, ಮಾಗಿಯ ತಂಪಿನ ತಿಂಗಳುಗಳನ್ನು ಬೇಲೂರಿನ ಕಡೆಯ ನೆರಳಿನಲ್ಲೇ ಕಳೆಯಬಿಟ್ಟರೆ, ಹೊರಮೈ ಒಳಭಾಗಕ್ಕಿಂತ ಮೊದಲೇ ಗಡಿ ದಾಟಿ ಬಿರಿಯುವ ಭಯ ಹೆಚ್ಚಿರುವ ಮೊದಲ ಹಂತ ನಿಧಾನವಾಗಿ ಸಾಗುತ್ತದೆ. ಮುಂಗಾರು ಬಂದು ಬೂಸಲು ಹಿಡಿಯುವ ಮೊದಲೇ ಹಲಗೆಗಳನ್ನು ಅರಸೀಕೆರೆಯ ಒಣಗಾಳಿಗೆ ಸಾಗಿಸಿದರೆ ಎರಡನೆಯ ಹಂತ, ಅಂದರೆ ಬಂಧಿತ ನೀರು ಹೊರಡುವ ಹಂತ, ಯಂತ್ರದ ಶಾಖವಿಲ್ಲದೆ ಮುಗಿಯುತ್ತದೆ. ಹೆಂಚಿನ ಸೂರು, ನಾಲ್ಕೂ ಕಡೆ ಗಾಳಿಯಾಡುವ ಬದಿ, ತಕ್ಕಡಿ, ತೇವ ಅಳೆಯುವ ಮೀಟರ್, ಪ್ರತಿ ಹಲಗೆಯ ಮೇಲೆ ಕೊಯ್ದ ತಿಂಗಳು ಮತ್ತು ತೂಕದ ಬರಹ, ಇಷ್ಟಿದ್ದರೆ ಸಾಕು. ಬೆಂಗಳೂರಿನ ಮಲ್ಲೇಶ್ವರದಲ್ಲಿ, 1938ರಲ್ಲಿ ಮೈಸೂರು ಸಂಸ್ಥಾನ ತೆರೆದ ಅರಣ್ಯ ಸಂಶೋಧನಾ ಪ್ರಯೋಗಾಲಯದಿಂದ ಬೆಳೆದು ಬಂದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ಈ ವಿದ್ಯೆಯ ಶಾಸ್ತ್ರಕ್ಕೆ ನೆಲೆಯಾಗಿದೆ. ಅದರ ಶಾಸ್ತ್ರವೂ ಸಾಮಿಲ್ಲಿನವರ ಕೈಗುಣವೂ ವೀಣೆ ಮಾಡುವವರ ಕಿವಿಯೂ ಒಂದೆಡೆ ಸೇರುವ ವ್ಯವಸ್ಥೆಯಾಗಬೇಕು.

ಆಗ ಬದಲಾಗಬೇಕಾದದ್ದು ಮರದ ಬೆಲೆ ಕಟ್ಟುವ ರೀತಿ. ಇಂದು ತೋಟದ ಮಾಲೀಕರಿಗೆ ಹಣ ದೊರೆಯುವುದು ದಿಮ್ಮಿಯ ಗಾತ್ರಕ್ಕೆ. ಕೊಯ್ದ ದಿಕ್ಕಿಗಾಗಲಿ, ಒಣಗಿಸಿದ ವರ್ಷಗಳಿಗಾಗಲಿ ಬೆಲೆಯಿಲ್ಲ. ಗಾತ್ರದ ಮೇಲೆ ಬೆಲೆ ನಿಂತಿರುವವರೆಗೆ ಯಾರೂ ಚೂರು ಹೆಚ್ಚು ಉಳಿಯುವ ಕೊಯ್ತವನ್ನು ಆರಿಸುವುದಿಲ್ಲ, ಹಲಗೆಯನ್ನು ವರ್ಷಗಟ್ಟಲೆ ಸೂರಿನಡಿ ಇಡುವುದಿಲ್ಲ. ವಾದ್ಯ ತಯಾರಕರು ಕೊಯ್ತದ ದಿಕ್ಕು ಮತ್ತು ತೇವಾಂಶವನ್ನು ಕೇಳಿ, ಅಳೆದು, ಅದಕ್ಕೆ ತಕ್ಕ ಹೆಚ್ಚಿನ ಬೆಲೆ ಕೊಡಲು ಆರಂಭಿಸಿದರೆ ತೋಟದವರಿಗೂ ಸಾಮಿಲ್ಲಿಗೂ ಕಾಯುವುದರಲ್ಲಿ ಲಾಭ ಕಾಣುತ್ತದೆ. ಹಾಗಾದಾಗ ಹಾಸನ ಸೀಮೆಯ ಮರಗಳು ಪೆಟ್ಟಿಗೆಯ ಹಲಗೆಗಳಾಗಿ ಕಡಿಮೆ ದರಕ್ಕೆ ಹೊರಡುವುದು ತಪ್ಪಿ, ಇಲ್ಲೇ ಹದಗೊಂಡ ವಾದ್ಯದ ಮರವಾಗಿ ಅವುಗಳ ಯೋಗ್ಯತೆಗೆ ತಕ್ಕ ಬೆಲೆಯನ್ನು ಪಡೆಯುತ್ತವೆ.